ಎಸ್‌ಎಲ್‌ಪಿ ವಜಾ ಆದರೆ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಂತೆಯೇ?

ಪ್ರಶ್ನೆ: ಕ್ರಿಮಿನಲ್ ಪ್ರಕರಣವೊಂದರಲ್ಲಿ ನಮ್ಮ ಸಂಬಂಧಿಕರಿಗೆ ಆದ ಶಿಕ್ಷೆಯನ್ನು ಹೈಕೋರ್ಟ್ ಖಾಯಂಗೊಳಿಸಿತು. ಸುಪ್ರೀಂ ಕೋರ್ಟ್ ಎರಡೇ ಸಾಲಿನ ಆದೇಶದಲ್ಲಿ ನಮ್ಮ ವಿಶೇಷ ಅನುಮತಿ ಅರ್ಜಿಯನ್ನು (ಎಸ್‌ಎಲ್‌ಪಿ) ವಜಾ ಮಾಡಿತು. ಹೈಕೋರ್ಟ್ ಹೇಳಿದ್ದೆಲ್ಲ ಸರಿ ಎಂದು ಸುಪ್ರೀಂ ಕೋರ್ಟ್ ಒಪ್ಪಿದಂತಾಯಿತೇ?

ಉತ್ತರ: ಇಲ್ಲ. ಪತ್ರಿಕೆಗಳು ಇಂತಹ ಸಂದರ್ಭದಲ್ಲಿ ‘ತೀರ್ಪು ಎತ್ತಿಹಿಡಿದ ಸುಪ್ರೀಂ ಕೋರ್ಟ್’ ಎಂದು ತಲೆಬರಹ ಕೊಡುವುದುಂಟು. ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪು.

ಕ್ರಿಮಿನಲ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿಗೆ ಹಕ್ಕಾಗಿಯೇ ಮೇಲ್ಮನವಿ ಸಲ್ಲಿಸುವ ಅವಕಾಶ ತೀರಾ ಕಡಿಮೆ. ಸೆಷನ್ಸ್ ನ್ಯಾಯಾಲಯ ಬಿಡುಗಡೆ ಮಾಡಿದ ಆರೋಪಿಗೆ ಹೈಕೋರ್ಟ್ ಮರಣದಂಡನೆ ವಿಧಿಸಿದರೆ ಸಂವಿಧಾನದ 134ನೇ ವಿಧಿಯಡಿ ಆ ಹಕ್ಕು ಸಿಗುತ್ತದೆ. 1970ರ ಕಾಯ್ದೆಯೊಂದು ಅದನ್ನು ಜೀವಾವಧಿ ಹಾಗೂ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸಕ್ಕೂ ವಿಸ್ತರಿಸಿತು. ಉಳಿದವರಲ್ಲಿ ಹೆಚ್ಚಿನವರು ಹೋಗಬೇಕಾದದ್ದು 136ನೇ ವಿಧಿಯ ದಾರಿಯಲ್ಲಿ, ಅಂದರೆ ‘ಮೇಲ್ಮನವಿ ಸಲ್ಲಿಸಲು ಅನುಮತಿ ಕೊಡಿ’ ಎಂದು ಕೇಳುವ ವಿಶೇಷ ಅನುಮತಿ ಅರ್ಜಿಯ ಮೂಲಕ. ವಕೀಲರ ಬಾಯಲ್ಲಿ ಅದೇ ಎಸ್‌ಎಲ್‌ಪಿ. ಅನುಮತಿ ಸಿಗುವವರೆಗೆ ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಎಂಬುದೇ ಇರುವುದಿಲ್ಲ. ಹೀಗಾಗಿ ಅರ್ಜಿ ವಜಾ ಆದಾಗ ನಿರಾಕರಣೆಯಾಗಿರುವುದು ಅನುಮತಿಯಷ್ಟೆ. 2000ದ ಕುಂಞಮ್ಮದ್ ಪ್ರಕರಣದಲ್ಲಿ ನ್ಯಾಯಾಲಯವೇ ಇದನ್ನು ವಿವರವಾಗಿ ಬಿಡಿಸಿಟ್ಟಿತು: ಕಾರಣ ಕೊಡದೆ ವಜಾ ಮಾಡಿದರೆ ಹೈಕೋರ್ಟ್ ತೀರ್ಪು ಸುಪ್ರೀಂ ಕೋರ್ಟ್ ಆದೇಶದಲ್ಲಿ ವಿಲೀನವಾಗುವುದಿಲ್ಲ, ಅಂದರೆ ಅದು ಸುಪ್ರೀಂ ಕೋರ್ಟಿನ ತೀರ್ಪಾಗಿ ಬದಲಾಗದೆ ಹೈಕೋರ್ಟಿನದಾಗಿಯೇ ಉಳಿಯುತ್ತದೆ. ಕಾರಣ ಕೊಟ್ಟು ವಜಾ ಮಾಡಿದರೂ ವಿಲೀನವಿಲ್ಲ, ಆದರೆ ಆ ಆದೇಶದಲ್ಲಿ ಹೇಳಿದ ಕಾನೂನು ಎಲ್ಲ ನ್ಯಾಯಾಲಯಗಳನ್ನೂ ಬಂಧಿಸುತ್ತದೆ. ಕರ್ನಾಟಕದಿಂದಲೇ ಹೋದ, ಖೋಡೆ ಡಿಸ್ಟಿಲರೀಸ್ ಮತ್ತು ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ನಡುವಿನ ವ್ಯಾಜ್ಯದಲ್ಲಿ 2019ರಲ್ಲಿ ಈ ನಿಲುವು ಪುನಃ ದೃಢಪಟ್ಟಿತು.

ಹಾಗಾದರೆ ಎಂತಹ ಅರ್ಜಿಗೆ ಅನುಮತಿ ಸಿಗುತ್ತದೆ? 1950ರ ಪ್ರೀತಮ್ ಸಿಂಗ್ ಪ್ರಕರಣದಿಂದ ಬಂದ ಅಳತೆಗೋಲು ಗಂಭೀರ ಅನ್ಯಾಯ ನಡೆದಿದೆಯೇ ಎಂಬುದು. ಸಾಕ್ಷಿಯ ಮಾತನ್ನು ನಂಬಬಾರದಿತ್ತು ಎಂಬಷ್ಟು ವಾದ ಸಾಮಾನ್ಯವಾಗಿ ಸಾಲದು. ನಾರ್ಕೋ ಮತ್ತು ಸುಳ್ಳುಪತ್ತೆ ಪರೀಕ್ಷೆಗಳನ್ನು ಆರೋಪಿಯ ಒಪ್ಪಿಗೆಯಿಲ್ಲದೆ ನಡೆಸಬಹುದೇ ಎಂಬುದು ಅದಕ್ಕಿಂತ ಬೇರೆಯ ಮಟ್ಟದ ಪ್ರಶ್ನೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಅದು ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದು, ಬಲವಂತದ ಪರೀಕ್ಷೆ ಸಂವಿಧಾನಕ್ಕೆ ವಿರುದ್ಧ ಎಂದು 2010ರ ಮೇ 5ರಂದು ತೀರ್ಮಾನವಾಯಿತು.

ಕೆಲವೊಮ್ಮೆ ಕೂಡುವ ಲೆಕ್ಕದ ತಪ್ಪೂ ಬಾಗಿಲು ತೆರೆಸುತ್ತದೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್, ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇಕಡಾ 8.12 ಮಾತ್ರ, ಮನ್ನಿಸಬಹುದಾದ ಶೇಕಡಾ 10ರ ಒಳಗಿದೆ ಎಂದು ಎಲ್ಲ ಆರೋಪಿಗಳನ್ನೂ ಖುಲಾಸೆಗೊಳಿಸಿತು. ತೀರ್ಪಿನಲ್ಲಿದ್ದ ಸಾಲಗಳ ಪಟ್ಟಿಯನ್ನು ಕೂಡಿದರೆ 10.67 ಕೋಟಿ ರೂಪಾಯಿ ಆಗಬೇಕಿತ್ತು, ಬರೆದಿದ್ದದ್ದು 24.17 ಕೋಟಿ. ಸಾಲವನ್ನೂ ಆದಾಯಕ್ಕೆ ಸೇರಿಸಿದ್ದರಿಂದ ಹೆಚ್ಚುವರಿ ಆಸ್ತಿ ಕಡಿಮೆಯಾಗಿ ಕಂಡಿತ್ತು. ವಿಚಾರಣೆ ಬೆಂಗಳೂರಿನಲ್ಲಿ ನಡೆದಿದ್ದರಿಂದ ಕರ್ನಾಟಕ ಸರ್ಕಾರವೇ ಎಸ್‌ಎಲ್‌ಪಿ ಸಲ್ಲಿಸಿತು. ಅನುಮತಿ ಸಿಕ್ಕ ಮೇಲೆ ಆ ಅರ್ಜಿಗಳು ಕ್ರಿಮಿನಲ್ ಮೇಲ್ಮನವಿಗಳಾಗಿ ಹೊಸ ಸಂಖ್ಯೆ ಪಡೆದವು, 2017ರ ಫೆಬ್ರುವರಿ 14ರಂದು, ಮೊದಲು ಶಿಕ್ಷೆ ವಿಧಿಸಿದ್ದ ವಿಶೇಷ ನ್ಯಾಯಾಲಯದ ತೀರ್ಪು ಮರುಸ್ಥಾಪನೆಯಾಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು. ಸೆರೆಮನೆಗೆ ಹೋದವರು ಉಳಿದ ಮೂವರು ಆರೋಪಿಗಳು. ಇಲ್ಲಿ ಮಾತ್ರ ‘ವಿಲೀನ’ ನಡೆಯಿತು ಎನ್ನಬಹುದು.

ನಿಮ್ಮ ವಿಷಯಕ್ಕೆ ಬಂದರೆ, ವಿಲೀನವಾಗಿಲ್ಲ ಎಂಬ ಮಾತಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಸಿವಿಲ್ ವ್ಯಾಜ್ಯವಾಗಿದ್ದರೆ ಹೈಕೋರ್ಟಿಗೇ ಮರಳಿ ಪುನರ್‌ಪರಿಶೀಲನೆ ಕೋರಬಹುದಿತ್ತು. ಕ್ರಿಮಿನಲ್ ನ್ಯಾಯಾಲಯ ಮಾತ್ರ ತಾನು ಸಹಿ ಮಾಡಿದ ತೀರ್ಪಿನಲ್ಲಿ ಬರವಣಿಗೆಯ ಅಥವಾ ಲೆಕ್ಕದ ತಪ್ಪು ತಿದ್ದುವುದನ್ನು ಬಿಟ್ಟು ಬೇರೇನನ್ನೂ ಬದಲಿಸುವಂತಿಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 362ನೇ ಸೆಕ್ಷನ್ ಹೇಳುತ್ತಿದ್ದದ್ದನ್ನೇ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 403ನೇ ಸೆಕ್ಷನ್ ಹೇಳುತ್ತದೆ. ಉಳಿಯುವುದು ಸುಪ್ರೀಂ ಕೋರ್ಟಿನಲ್ಲಿಯೇ ಸಲ್ಲಿಸಬಹುದಾದ ಪುನರ್‌ಪರಿಶೀಲನಾ ಅರ್ಜಿ. ಅದಕ್ಕೆ ಗಡುವು ಆದೇಶದ ದಿನದಿಂದ 30 ದಿನ.