ತಾಮ್ರ ಹಾಕಿದರೆ ಒಂದೇ ಟ್ರೈಅಜೋಲ್ ಬರುವುದೇಕೆ?

ಪ್ರಶ್ನೆ: ಆಜೈಡ್ (ಮೂರು ನೈಟ್ರೋಜನ್‌ಗಳ ಸಾಲು ಹೊತ್ತ ಅಣು) ಮತ್ತು ಆಲ್ಕೈನ್ (ಎರಡು ಕಾರ್ಬನ್‌ಗಳ ನಡುವೆ ತ್ರಿಬಂಧವಿರುವ ಅಣು) ಎರಡನ್ನೂ ಸೇರಿಸಿ ಬರೀ ಕಾಯಿಸಿದರೆ 1,4 ಮತ್ತು 1,5 ಎಂಬ ಎರಡು ಟ್ರೈಅಜೋಲ್‌ಗಳು (ಮೂರು ನೈಟ್ರೋಜನ್, ಎರಡು ಕಾರ್ಬನ್‌ಗಳ ಉಂಗುರಗಳು; ಅಂಕಿಗಳು ಉಂಗುರದಲ್ಲಿ ಗುಂಪುಗಳು ಕೂತ ಸ್ಥಾನಗಳು) ಬೆರೆತು ಸಿಗುತ್ತವೆ. ಸ್ವಲ್ಪವೇ ತಾಮ್ರ ಸೇರಿಸಿದರೆ 1,4 ಮಾತ್ರ ಸಿಗುತ್ತದೆ. ಕ್ರಿಯಾವರ್ಧಕ ವೇಗವನ್ನು ಹೆಚ್ಚಿಸುತ್ತದೆಯೇ ಹೊರತು ಉತ್ಪನ್ನವನ್ನು ಬದಲಿಸುವುದಿಲ್ಲ ಎಂದು ಓದಿದ್ದೇವೆ. ಹಾಗಿದ್ದರೆ ಇಲ್ಲಿ ತಾಮ್ರ ಮಾಡುತ್ತಿರುವುದೇನು?

ಉತ್ತರ: ಹಳೆಯ ದಾರಿಯಲ್ಲೇ ಅಣುಗಳನ್ನು ಬೇಗ ಬೇಗ ಸಾಗಿಸುವ ಕೆಲಸ ತಾಮ್ರದ್ದಲ್ಲ. ಅದು ಆ ದಾರಿಯನ್ನೇ ಬಿಡಿಸಿ ಬೇರೆ ದಾರಿ ಹಿಡಿಸುತ್ತದೆ, ಮತ್ತು ಆ ಹೊಸ ದಾರಿ 1,4 ಟ್ರೈಅಜೋಲ್‌ಗೆ ಮಾತ್ರ ಹೋಗುತ್ತದೆ. ಇಷ್ಟರಲ್ಲೇ ಉತ್ತರ ಮುಗಿಯಿತು ಎನ್ನಬಹುದು. ಆದರೆ "ತಾಮ್ರ ಆಯ್ಕೆ ಮಾಡುತ್ತದೆ" ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುವುದು ಈ ಕ್ರಿಯೆಗೆ ಮಾಡುವ ಅನ್ಯಾಯ ಎಂದೇ ನನಗನ್ನಿಸುತ್ತದೆ. ಇಲ್ಲಿ ಅರ್ಥ ಮಾಡಿಕೊಳ್ಳುವುದಕ್ಕೆ ಬಹಳವಿದೆ.

ಮೊದಲು ಪಠ್ಯಪುಸ್ತಕದ ಮಾತನ್ನು ನೋಡೋಣ. ಆ ಮಾತು ತಪ್ಪಲ್ಲ, ಆದರೆ ಅದು ಸಮತೋಲನಕ್ಕೆ ಸಂಬಂಧಿಸಿದ್ದು. ಹಿಂದಕ್ಕೂ ಮುಂದಕ್ಕೂ ಸಾಗುವ ಕ್ರಿಯೆಯೊಂದರಲ್ಲಿ ಕೊನೆಗೆ ಯಾವುದು ಎಷ್ಟು ಉಳಿಯುತ್ತದೆ ಎಂಬುದನ್ನು ಕ್ರಿಯಾವರ್ಧಕ ಬದಲಿಸಲಾರದು. ಟ್ರೈಅಜೋಲ್‌ನ ಕಥೆ ಬೇರೆ. ಆಜೈಡ್ ಮತ್ತು ಆಲ್ಕೈನ್ ಕೂಡಿದಾಗ ಪ್ರತಿ ಮೋಲ್‌ಗೆ 50 ಕಿಲೋಕ್ಯಾಲರಿಗೂ ಹೆಚ್ಚು ಶಕ್ತಿ ಹೊರಬೀಳುತ್ತದೆ. ಒಮ್ಮೆ ಉಂಗುರ ಮುಚ್ಚಿತೆಂದರೆ ಅದು ಮತ್ತೆ ತೆರೆದುಕೊಂಡು ಇನ್ನೊಂದು ರೂಪಕ್ಕೆ ಹೋಗುವ ಮಾತೇ ಇಲ್ಲ. ಇಂಥ ಕಡೆ ಉತ್ಪನ್ನವನ್ನು ನಿರ್ಧರಿಸುವುದು ವೇಗ. ಯಾವ ದಾರಿಯ ಏರು (ಕ್ರಿಯೆ ದಾಟಬೇಕಾದ ಶಕ್ತಿಯ ತಡೆ) ತಗ್ಗಾಗಿದೆಯೋ ಅದರ ಉತ್ಪನ್ನವೇ ಫ್ಲಾಸ್ಕಿನಲ್ಲಿ ತುಂಬಿಕೊಳ್ಳುತ್ತದೆ. ಎರಡು ದಾರಿಗಳಲ್ಲಿ ಒಂದನ್ನು ಮಾತ್ರ ಸುಲಭ ಮಾಡುವ ಕ್ರಿಯಾವರ್ಧಕ ಉತ್ಪನ್ನವನ್ನು ಬದಲಿಸಿಯೇ ಬದಲಿಸುತ್ತದೆ.

ಈಗ ತಾಮ್ರವಿಲ್ಲದ ಕ್ರಿಯೆ. ಫಿನೈಲ್ ಆಜೈಡ್ ಮತ್ತು ಒಂದು ಆಲ್ಕೈನ್ ಡೈಎಸ್ಟರ್ ಸೇರಿ ಟ್ರೈಅಜೋಲ್ ಆಗುವುದನ್ನು ಆರ್ಥರ್ ಮೈಕೆಲ್ 1893ರಲ್ಲೇ ವರದಿ ಮಾಡಿದ್ದರು. ಅದು ಒಂದು ಬಿಡಿ ಕ್ರಿಯೆಯಾಗಿ ಉಳಿಯದೆ ದೊಡ್ಡ ಕುಟುಂಬವೊಂದರ ಸದಸ್ಯ ಎಂದು ತೋರಿಸಿದವರು ಮ್ಯೂನಿಕ್‌ನ ರಾಲ್ಫ್ ಹ್ಯೂಸ್ಗೆನ್. ಆಜೈಡ್, ನೈಟ್ರೋನ್, ನೈಟ್ರೈಲ್ ಆಕ್ಸೈಡ್, ಡಯಜೋಆಲ್ಕೇನ್ ಇವೆಲ್ಲವೂ ಮೂರು ಪರಮಾಣುಗಳ ಮೇಲೆ ನಾಲ್ಕು ಪೈ ಎಲೆಕ್ಟ್ರಾನ್‌ಗಳನ್ನು ಹೊತ್ತ 1,3-ಡೈಪೋಲ್‌ಗಳು. ದ್ವಿಬಂಧ ಅಥವಾ ತ್ರಿಬಂಧದ ಎರಡು ಪೈ ಎಲೆಕ್ಟ್ರಾನ್‌ಗಳು ಸಿಕ್ಕರೆ ಒಟ್ಟು ಆರಾಗಿ, ಐದು ಪರಮಾಣುಗಳ ಹೆಟೆರೊಸೈಕ್ಲಿಕ್ (ಕಾರ್ಬನ್ ಅಲ್ಲದ ಪರಮಾಣುಗಳೂ ಸೇರಿರುವ) ಉಂಗುರ ಒಂದೇ ಹೆಜ್ಜೆಯಲ್ಲಿ ಮುಚ್ಚಿಕೊಳ್ಳುತ್ತದೆ. ಐಸಾಕ್ಸಜೋಲ್, ಪೈರಜೋಲ್, ಟ್ರೈಅಜೋಲ್ ಎಲ್ಲವೂ ಒಂದೇ ತರ್ಕದಲ್ಲಿ ಹುಟ್ಟುತ್ತವೆ. ಐದು ಪರಮಾಣುಗಳ ಹೆಟೆರೊಸೈಕಲ್‌ಗಳನ್ನು ಕಟ್ಟುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉಪಾಯ ನಾನು ಕಂಡಿಲ್ಲ.

ಒಂದೇ ಹೆಜ್ಜೆ ಎಂದರೆ ಎರಡು ಹೊಸ ಬಂಧಗಳೂ ಒಟ್ಟೊಟ್ಟಿಗೇ ಆಗುತ್ತವೆ. ಆಜೈಡ್ ಆಲ್ಕೈನ್‌ನ ಪಕ್ಕಕ್ಕೆ ಬಂದು ಹೀಗೂ ಮಲಗಬಹುದು, ತಿರುಗಿಯೂ ಮಲಗಬಹುದು. ಸಾಮಾನ್ಯ ಆಲ್ಕೈಲ್ ಆಜೈಡ್ ಮತ್ತು, ತ್ರಿಬಂಧದ ಒಂದು ತುದಿಯಲ್ಲಿ ಜಲಜನಕವಿರುವ, ತುದಿ ಆಲ್ಕೈನ್‌ನಲ್ಲಿ ಈ ಎರಡು ಭಂಗಿಗಳ ಏರೂ ಪ್ರತಿ ಮೋಲ್‌ಗೆ ಹೆಚ್ಚುಕಡಿಮೆ 26 ಕಿಲೋಕ್ಯಾಲರಿ, ವ್ಯತ್ಯಾಸ ಒಂದು ಕಿಲೋಕ್ಯಾಲರಿಯೂ ಇಲ್ಲ. ಆಜೈಡ್‌ನ ತುಂಬಿದ ಕಕ್ಷಕ ಆಲ್ಕೈನ್‌ನ ಖಾಲಿ ಕಕ್ಷಕದೊಡನೆ, ಆಲ್ಕೈನ್‌ನ ತುಂಬಿದ್ದು ಆಜೈಡ್‌ನ ಖಾಲಿಯದರೊಡನೆ, ಎರಡೂ ಬಗೆಯಲ್ಲಿ ಬೆರೆಯುತ್ತವೆ. ಯಾವುದಕ್ಕೂ ಮೇಲುಗೈ ಇಲ್ಲದ್ದರಿಂದ ದಿಕ್ಕೂ ನಿಶ್ಚಯವಾಗುವುದಿಲ್ಲ. ಆಲ್ಕೈನ್‌ನ ಪಕ್ಕದಲ್ಲಿ ಎಸ್ಟರ್‌ನಂಥ ಎಲೆಕ್ಟ್ರಾನ್ ಎಳೆಯುವ ಗುಂಪಿದ್ದರೆ 1,4 ಕಡೆಗೆ ವಾಲುತ್ತದೆ, ಆದರೂ ಮಿಶ್ರಣ ತಪ್ಪುವುದಿಲ್ಲ. ಅದರ ಮೇಲೆ, ಏರು ಇಷ್ಟು ಎತ್ತರವಿರುವುದರಿಂದ ಗಂಟೆಗಟ್ಟಲೆ ಕಾಯಿಸಲೇಬೇಕು.

2002ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಒಂದೇ ಕಡೆಗೆ ಬಂದವು. ಡೆನ್ಮಾರ್ಕಿನಲ್ಲಿ ಮಾರ್ಟನ್ ಮೆಲ್ಡಾಲ್ ಮತ್ತು ಸಂಗಡಿಗರು ರೆಸಿನ್ ಮಣಿಗಳ ಮೇಲೆ ಪೆಪ್ಟೈಡ್ ಕಟ್ಟುವಾಗ, ಅಮೆರಿಕದಲ್ಲಿ ಬ್ಯಾರಿ ಶಾರ್ಪ್‌ಲೆಸ್ ಮತ್ತು ವಲೇರಿ ಫೋಕಿನ್ ಅವರ ಗುಂಪು ನೀರು ಬೆರೆತ ದ್ರಾವಕದಲ್ಲಿ, ತಾಮ್ರ(I), ಎಂದರೆ ಒಂದು ಧನ ಆವೇಶ ಹೊತ್ತ ತಾಮ್ರ, ಇದ್ದರೆ ಕೋಣೆಯ ಉಷ್ಣತೆಯಲ್ಲೇ 1,4 ಟ್ರೈಅಜೋಲ್ ಮಾತ್ರ ಸಿಗುವುದನ್ನು ಕಂಡವು. ವೇಗ ಸುಮಾರು ಒಂದು ಕೋಟಿ ಪಟ್ಟು ಏರಿತ್ತು. 2022ರ ನೊಬೆಲ್ ಪುರಸ್ಕಾರದಲ್ಲಿ ಶಾರ್ಪ್‌ಲೆಸ್ ಮತ್ತು ಮೆಲ್ಡಾಲ್ ಇಬ್ಬರೂ ಪಾಲುದಾರರಾದರು. ಮೂರನೆಯವರು ಕ್ಯಾರೊಲಿನ್ ಬರ್ಟೋಜಿ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಾಮ್ರದ ದಾರಿಯನ್ನು ನಿಧಾನವಾಗಿ ನಡೆದು ನೋಡೋಣ. ತುದಿ ಆಲ್ಕೈನ್‌ನ ಜಲಜನಕ ಸುಮ್ಮನೆ ಬಿಟ್ಟುಹೋಗುವಂಥದ್ದಲ್ಲ, ಅದರ ಪಿಕೆಎ (ಜಲಜನಕ ಪ್ರೋಟಾನ್ ಆಗಿ ಎಷ್ಟು ಸುಲಭವಾಗಿ ಬಿಡುತ್ತದೆ ಎಂಬ ಅಳತೆ; ಕಡಿಮೆಯಾದಷ್ಟೂ ಸುಲಭ) 25ರ ಆಸುಪಾಸು. ತಾಮ್ರ(I) ತ್ರಿಬಂಧದ ಪೈ ಮೋಡಕ್ಕೆ ಅಂಟಿಕೊಂಡ ಕೂಡಲೇ ಆ ಪಿಕೆಎ ಹತ್ತರಷ್ಟು ಇಳಿಯುತ್ತದೆ. ಆದ್ದರಿಂದಲೇ ನೀರಿನಲ್ಲಿ, ಬಲವಾದ ಪ್ರತ್ಯಾಮ್ಲವಿಲ್ಲದೆಯೂ, ಜಲಜನಕ ಹೋಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಇದು ತಾಮ್ರದ ಅಸಿಟಲೈಡ್.

ಮುಂದಿನ ಹೆಜ್ಜೆಯಲ್ಲಿದೆ ನಿಮ್ಮ ಪ್ರಶ್ನೆಯ ಉತ್ತರ. ಆಜೈಡ್‌ನ ಮೂರು ನೈಟ್ರೋಜನ್‌ಗಳಲ್ಲಿ ಲೋಹಕ್ಕೆ ಎಲೆಕ್ಟ್ರಾನ್ ಜೋಡಿ ಕೊಡಬಲ್ಲದ್ದು ಕಾರ್ಬನ್ನಿಗೆ ಅಂಟಿದ ನೈಟ್ರೋಜನ್. ಅದು ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡ ಮೇಲೆ ಆಜೈಡ್‌ನ ಇನ್ನೊಂದು ತುದಿಯ ನೈಟ್ರೋಜನ್ ಎಲೆಕ್ಟ್ರಾನ್‌ಗಾಗಿ ಮತ್ತಷ್ಟು ಹಸಿಯುತ್ತದೆ. ಅಸಿಟಲೈಡ್‌ನಲ್ಲಿ ಎಲೆಕ್ಟ್ರಾನ್ ಕೊಡಲು ಸಿದ್ಧವಾಗಿರುವುದು ತಾಮ್ರ ಕೂತ ಕಾರ್ಬನ್ ಅಲ್ಲ, ಅದರ ಪಕ್ಕದ, ಗುಂಪು ಹೊತ್ತ ಕಾರ್ಬನ್. ಹೀಗಾಗಿ ಮೊದಲ ಬಂಧ ಈ ಕಾರ್ಬನ್ ಮತ್ತು ತುದಿಯ ನೈಟ್ರೋಜನ್ ನಡುವೆಯೇ ಆಗಬೇಕು, ಬೇರೆ ದಾರಿಯಿಲ್ಲ. ತಾಮ್ರವನ್ನೂ ಒಳಗೊಂಡ ಆರು ಪರಮಾಣುಗಳ ಉಂಗುರ ಏರ್ಪಡುತ್ತದೆ. ನಂತರ ಅದು ಕುಗ್ಗಿ, ಎರಡನೆಯ ಬಂಧ ಮೂಡಿ, ಐದು ಪರಮಾಣುಗಳ ಟ್ರೈಅಜೋಲ್ ಆಗುತ್ತದೆ. ತಾಮ್ರ ಈಗ ಉಂಗುರದ ಐದನೇ ಸ್ಥಾನದಲ್ಲಿ ಕೂತಿರುತ್ತದೆ. ಕೊನೆಗೆ ಒಂದು ಪ್ರೋಟಾನ್ ಬಂದು ಅದನ್ನು ಬಿಡಿಸುತ್ತದೆ. ಆಜೈಡ್‌ನ ಗುಂಪು ಒಂದನೇ ಸ್ಥಾನದಲ್ಲಿ, ಆಲ್ಕೈನ್‌ನ ಗುಂಪು ನಾಲ್ಕನೇ ಸ್ಥಾನದಲ್ಲಿ. ತಿರುಗಿ ಮಲಗಲು ಆಜೈಡ್‌ಗೆ ಅವಕಾಶವೇ ಸಿಕ್ಕಿಲ್ಲ, ಏಕೆಂದರೆ ಅದರ ಒಂದು ತುದಿಯನ್ನು ತಾಮ್ರ ಕಟ್ಟಿಹಾಕಿತ್ತು.

ಇಲ್ಲಿ ಎರಡು ಬಂಧಗಳು ಒಂದರ ಹಿಂದೆ ಒಂದರಂತೆ ಆಗುತ್ತವೆ. ಹೀಗಾಗಿ ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಹ್ಯೂಸ್ಗೆನ್ ಹೇಳಿದ ಒಂದೇ ಹೆಜ್ಜೆಯ ಸೈಕ್ಲೊಅಡಿಷನ್ ಅಲ್ಲ, ಕೊನೆಯಲ್ಲಿ ಸಿಗುವ ಉಂಗುರ ಮಾತ್ರ ಅದೇ. ಅಸಿಟಲೈಡ್ ಆದ ಮೇಲೂ ಒಂದೇ ಹೆಜ್ಜೆಯಲ್ಲಿ ಸೇರಬಾರದೇಕೆ ಎಂದು ಕೇಳಬಹುದು. 2002ರ ಲೆಕ್ಕಾಚಾರವೇ ಇದಕ್ಕೆ ಉತ್ತರ ಕೊಟ್ಟಿತ್ತು: ಆ ದಾರಿಯ ಏರು ಹೆಜ್ಜೆ ಹೆಜ್ಜೆಯ ದಾರಿಗಿಂತ 12ರಿಂದ 15 ಕಿಲೋಕ್ಯಾಲರಿ ಎತ್ತರ.

ಇದೆಲ್ಲ ಕಾಗದದ ಮೇಲಿನ ಬಾಣಗಳಷ್ಟೇ ಅಲ್ಲ. ಎರಡೂ ತುದಿಗಳಲ್ಲಿ ಗುಂಪು ಹೊತ್ತ ಒಳ ಆಲ್ಕೈನ್ ತಾಮ್ರದ ಸಾಮಾನ್ಯ ಪರಿಸ್ಥಿತಿಯಲ್ಲಿ ಮಿಸುಕುವುದಿಲ್ಲ, ಅಸಿಟಲೈಡ್ ಆಗಲು ಅದಕ್ಕೆ ಜಲಜನಕವೇ ಇಲ್ಲ. ಐದನೇ ಸ್ಥಾನದಲ್ಲಿ ತಾಮ್ರ ಕೂತಿರುವ ಟ್ರೈಅಜೋಲ್ ಹರಳಾಗಿ ಕೈಗೆ ಸಿಕ್ಕಿದೆ, ಅದರ ರಚನೆ 2007ರಲ್ಲಿ ಪ್ರಕಟವಾಯಿತು. 2013ರಲ್ಲಿ ಫೋಕಿನ್ ಅವರ ಗುಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದೇ ತಾಮ್ರ ಹೊತ್ತ ಅಸಿಟಲೈಡ್ ಅನ್ನು ಆಜೈಡ್‌ನೊಡನೆ ಬಿಟ್ಟರೆ ಕ್ರಿಯೆಯೇ ನಡೆಯಲಿಲ್ಲ, ಹೊರಗಿನಿಂದ ಇನ್ನಷ್ಟು ತಾಮ್ರ ಸೇರಿಸಿದಾಗ ಮಾತ್ರ ನಡೆಯಿತು. ಹಾಗೆ ಸೇರಿಸುವ ತಾಮ್ರವನ್ನು 63 ತೂಕದ ಐಸೊಟೋಪಿನಿಂದ ಗುರುತು ಮಾಡಿ ನೋಡಿದರೆ, ಉತ್ಪನ್ನದ ಟ್ರೈಅಜೋಲ್ ಮೇಲೂ ಆ ತಾಮ್ರ ಬಂದು ಕೂತಿತ್ತು. ಎಂದರೆ ಉಂಗುರ ಕಟ್ಟುವ ಕೆಲಸದಲ್ಲಿ ಎರಡು ತಾಮ್ರಗಳು ಒಟ್ಟಿಗೆ ಕೈಹಾಕುತ್ತವೆ. ಈ ಪ್ರಯೋಗದ ಸರಳತೆ ನನಗೆ ಬಹಳ ಇಷ್ಟ.

ಲೋಹ ಬದಲಾದರೆ ದಿಕ್ಕೂ ಬದಲಾಗಬೇಕಲ್ಲವೇ? ಬದಲಾಗುತ್ತದೆ. 2005ರಲ್ಲಿ ಬಂದ ರುಥೇನಿಯಂ ಕ್ರಿಯಾವರ್ಧಕ 1,5 ಟ್ರೈಅಜೋಲ್ ಕೊಡುತ್ತದೆ. ಅದು ಅಸಿಟಲೈಡ್ ಮಾಡಿಕೊಳ್ಳುವುದಿಲ್ಲ. ಆಲ್ಕೈನ್ ಮತ್ತು ಆಜೈಡ್ ಎರಡನ್ನೂ ತನ್ನ ಮೇಲೆ ಕೂರಿಸಿಕೊಂಡು, ಆಲ್ಕೈನ್‌ನ ಗುಂಪಿಲ್ಲದ ಕಾರ್ಬನ್ನಿಗೆ ಆಜೈಡ್‌ನ ತುದಿಯ ನೈಟ್ರೋಜನ್ ಅನ್ನು ಮೊದಲು ಬೆಸೆಯುತ್ತದೆ. ಅಸಿಟಲೈಡ್ ಬೇಡವಾದ್ದರಿಂದ ಒಳ ಆಲ್ಕೈನ್ ಕೂಡ ಇದಕ್ಕೆ ಒಗ್ಗುತ್ತದೆ.

ಇನ್ನು ಬರ್ಟೋಜಿ. ಜೀವಕೋಶಕ್ಕೆ ತಾಮ್ರ ವಿಷ, ಹಾಗಾಗಿ ಅವರು ಲೋಹವನ್ನೇ ಬಿಟ್ಟು ತ್ರಿಬಂಧವನ್ನು ಎಂಟು ಪರಮಾಣುಗಳ ಉಂಗುರದೊಳಗೆ ಬಾಗಿಸಿ ಕೂರಿಸಿದರು. ನೇರವಾಗಿರಬೇಕಾದ ಬಂಧ ಬಾಗಿದ್ದರಿಂದ ಆಲ್ಕೈನ್ ಮೊದಲೇ ಅರ್ಧ ಏರು ಹತ್ತಿ ನಿಂತಂತಾಗುತ್ತದೆ, ಕ್ರಿಯೆ ದೇಹದ ಉಷ್ಣತೆಯಲ್ಲೇ ಸಾಗುತ್ತದೆ. ಗಮನಿಸಿ, ಇಲ್ಲಿ ವೇಗ ಬಂದದ್ದು ಹಳೆಯ ಒಂದೇ ಹೆಜ್ಜೆಯ ದಾರಿಗೇ. ಅದಕ್ಕೆ ತಕ್ಕಂತೆ ಎರಡು ಐಸೋಮರ್‌ಗಳೂ ಮತ್ತೆ ಹಾಜರ್. ವೇಗ ಒಂದು ಸಂಗತಿ, ದಿಕ್ಕು ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಪ್ರಯೋಗಾಲಯದಲ್ಲಿ ಮಾಡಿ ನೋಡುವವರಿಗೆ ಕೆಲವು ಮಾತು. ಸಾಮಾನ್ಯ ಪಾಕವೆಂದರೆ ತಾಮ್ರದ ಸಲ್ಫೇಟ್ ಮತ್ತು ಸೋಡಿಯಂ ಆಸ್ಕಾರ್ಬೇಟ್, ದ್ರಾವಕ ನೀರು ಮತ್ತು ಟರ್ಷರಿ ಬ್ಯೂಟನಾಲ್. ಆಸ್ಕಾರ್ಬೇಟ್ ತಾಮ್ರ(II) ಅನ್ನು (I) ಆಗಿ ಇಳಿಸುತ್ತದೆ, ಅಲ್ಲೇ ಉಳಿಸುತ್ತದೆ. ಅದು ಸಾಲದೆ ಗಾಳಿ ಆಡಿದರೆ ಎರಡು ಆಲ್ಕೈನ್‌ಗಳು ಪರಸ್ಪರ ಬೆಸೆದುಕೊಂಡು ಡೈಯೈನ್ ಆಗಿಬಿಡುತ್ತವೆ. ಆಜೈಡ್ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಬೇಡ. ಅಣುವಿನಲ್ಲಿರುವ ಕಾರ್ಬನ್ ಮತ್ತು ಆಕ್ಸಿಜನ್‌ಗಳ ಒಟ್ಟು ಸಂಖ್ಯೆ ನೈಟ್ರೋಜನ್‌ಗಳ ಮೂರು ಪಟ್ಟಾದರೂ ಇರದಿದ್ದರೆ ಅದನ್ನು ಬೇರ್ಪಡಿಸಿ ಕೂಡಿಡಬಾರದು, ಸಿಡಿಯುವ ಅಪಾಯವಿದೆ. ಸೋಡಿಯಂ ಆಜೈಡ್‌ಗೆ ಆಮ್ಲ ತಾಗಿದರೆ ವಿಷಕಾರಿಯೂ ಸ್ಫೋಟಕವೂ ಆದ ಹೈಡ್ರಜೋಯಿಕ್ ಆಮ್ಲ ಏಳುತ್ತದೆ. ಡೈಕ್ಲೋರೋಮೀಥೇನ್ ಜೊತೆ ಅದನ್ನು ಬಿಟ್ಟರೆ ಸಿಡಿಯುವ ಡೈಆಜೈಡೋಮೀಥೇನ್ ಆಗಬಹುದು.

ಸಿಕ್ಕಿದ್ದು 1,4 ಹೌದೋ ಅಲ್ಲವೋ ಎಂದು ತಿಳಿಯಲು ಕಾರ್ಬನ್-13 ಎನ್‌ಎಂಆರ್ (ಅಣುವಿನ ಕಾರ್ಬನ್‌ಗಳು ಯಾವ ಪರಿಸರದಲ್ಲಿವೆ ಎಂದು ಪಿಪಿಎಂ ಅಳತೆಯಲ್ಲಿ ತೋರಿಸುವ ಪರೀಕ್ಷೆ) ನೋಡಿ. ಜಲಜನಕ ಹೊತ್ತ ಉಂಗುರದ ಕಾರ್ಬನ್ 120 ಪಿಪಿಎಂ ಹತ್ತಿರ ಕಂಡರೆ ಅದು 1,4, 133ರ ಹತ್ತಿರ ಕಂಡರೆ 1,5.