ಪದ ಪರಿಚಯ: ಲೈ ಸ್ಕೇಲ್

‘ಬಸ್ಸಿಗೆ ಕಾದು ಕಾದು ನನಗೆ ಕೆಲವೊಮ್ಮೆ ರೇಗುತ್ತದೆ.’ ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ನಿಂತವರು, ವ್ಯಕ್ತಿತ್ವ ಪರೀಕ್ಷೆಯ ಪ್ರಶ್ನಾವಳಿಯಲ್ಲಿ ಈ ಹೇಳಿಕೆ ಕಂಡರೆ, ಇದಕ್ಕೆ ‘ತಪ್ಪು’ ಎಂದು ಗುರುತು ಹಾಕಲಾರರು. ಹಾಕುವವರೂ ಇದ್ದಾರೆ. ಎಲ್ಲರಲ್ಲೂ ಇರುವ ಇಂಥ ಸಣ್ಣಪುಟ್ಟ ಕುಂದನ್ನು ‘ನನ್ನಲ್ಲಿಲ್ಲ’ ಎನ್ನುವ ಉತ್ತರಗಳನ್ನು ಎಣಿಸುವುದೇ ಲೈ ಸ್ಕೇಲ್, ಅಂದರೆ ಸುಳ್ಳಿನ ಮಾಪಕ. ಒಂದೆರಡಿದ್ದರೆ ಸಹಜ, ಸಾಲುಗಟ್ಟಿದರೆ, ಆ ವ್ಯಕ್ತಿ ತನ್ನನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸಿಕೊಳ್ಳುತ್ತಿದ್ದಾನೆಂಬ ಅನುಮಾನ.

ಇದರ ಹೆಸರಾಂತ ರೂಪವಿರುವುದು ಮನೋವಿಜ್ಞಾನಿ ಹ್ಯಾಥವೇ ಮತ್ತು ವೈದ್ಯ ಮೆಕಿನ್ಲಿ 1940ರ ದಶಕದಲ್ಲಿ ಹೊರತಂದ ಮಿನ್ನೆಸೋಟ ವ್ಯಕ್ತಿತ್ವ ಪರೀಕ್ಷೆಯಲ್ಲಿ, ಅಂದರೆ ಎಂಎಂಪಿಐನಲ್ಲಿ. 1989ರ ಪರಿಷ್ಕರಣೆಯ 567 ಹೇಳಿಕೆಗಳಲ್ಲಿ ಎಲ್ ಮಾಪಕಕ್ಕೆ (ಲೈ ಸ್ಕೇಲ್‌ನ ಕಿರುಹೆಸರು) ಸೇರಿದವು 15. ಹದಿನೈದಕ್ಕೂ ಅಂಕ ಬೀಳುವುದು ‘ತಪ್ಪು’ ಎಂದಾಗ ಮಾತ್ರ. ಎಡವಟ್ಟಾಗುವುದೂ ಇಲ್ಲಿಯೇ: ಬೇಸತ್ತು ಮೇಲಿಂದ ಕೆಳಗೆ ‘ತಪ್ಪು’ ಗೀಚುತ್ತ ಹೋದವನಿಗೂ ಎಲ್ ಅಂಕ ಏರುತ್ತದೆ. ಅವನು ಸೋಮಾರಿ, ಸುಳ್ಳುಗಾರನಲ್ಲ.

ಆದ್ದರಿಂದ ಓದುವ ಕ್ರಮ ಮುಖ್ಯ. ಮೊದಲು ಖಾಲಿ ಬಿಟ್ಟವುಗಳನ್ನು ಎಣಿಸಿ. 30 ದಾಟಿದರೆ ಆ ಹಾಳೆ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಆಮೇಲೆ ವಿರಿನ್, ಟ್ರಿನ್ ಎಂಬ ಎರಡು ಮಾಪಕಗಳು. ಒಂದೇ ಅರ್ಥದ ಎರಡು ಹೇಳಿಕೆಗಳಿಗೆ ಒಂದಕ್ಕೊಂದು ಹೊಂದದ ಉತ್ತರ ಬಂದಿದೆಯೇ ಎಂದು ವಿರಿನ್ ನೋಡಿದರೆ, ಕಣ್ಮುಚ್ಚಿ ಎಲ್ಲಕ್ಕೂ ‘ಸರಿ’ ಅಥವಾ ‘ತಪ್ಪು’ ಎಂದದ್ದನ್ನು ಟ್ರಿನ್ ಹಿಡಿಯುತ್ತದೆ. ಸರಾಸರಿ 50, ವಿಚಲನೆ (ಅಂಕಗಳ ಹರಡುವಿಕೆ) 10 ಇರುವಂತೆ ಹೊಂದಿಸಿದ ಟಿ-ಅಂಕದಲ್ಲಿ ಇವು 80 ಮುಟ್ಟಿದರೆ ಮುಂದಿನದನ್ನು ಓದುವ ಗೋಜಿಗೇ ಹೋಗಬಾರದು. ಕಾಯಿಲೆ ನಟಿಸುವವರಿಗೆ ಎಫ್ ಮಾಪಕ ಬೇರೆಯೇ ಇದೆ. ಅಪರೂಪದ ಲಕ್ಷಣಗಳನ್ನೆಲ್ಲ ‘ನನಗಿದೆ’ ಎಂದವರ ಅಂಕ ಅಲ್ಲಿ ಏರುತ್ತದೆ. ಎಲ್ ಮತ್ತು ತೊಂದರೆಗಳನ್ನು ನಯವಾಗಿ ಮುಚ್ಚಿಡುವುದನ್ನು ಹಿಡಿಯುವ, ಅದಕ್ಕಿಂತ ನಾಜೂಕಾದ, 30 ಹೇಳಿಕೆಗಳ ಕೆ ಮಾಪಕದ ಸರದಿ ಆಮೇಲೆ.

ಕನ್ನಡದಲ್ಲಿ ಪ್ರಶ್ನಾವಳಿ ಮಾಡುವವರಿಗೊಂದು ಎಚ್ಚರಿಕೆ. ‘ನಾನು ಎಂದೂ ಸುಳ್ಳು ಹೇಳುವುದಿಲ್ಲ’ ಎಂದು ಕೊಟ್ಟು ಎದುರಿಗೆ ‘ಹೌದು/ಇಲ್ಲ’ ಇಟ್ಟರೆ ಕೆಟ್ಟಿತು. ‘ಇಲ್ಲ’ ಎಂದವರು ‘ಇಲ್ಲ, ಹೇಳುವುದೇ ಇಲ್ಲ’ ಎಂದರೋ, ‘ಹಾಗೇನಿಲ್ಲ, ಹೇಳುತ್ತೇನೆ’ ಎಂದರೋ? ಹೇಳಿಕೆಯಲ್ಲಿ ‘ಇಲ್ಲ’ ರೂಪ ಬೇಡ, ಉತ್ತರಕ್ಕೆ ‘ಸರಿ/ತಪ್ಪು’ ಸಾಕು.

ಎಲ್ ಅಂಕ ಹೆಚ್ಚಿದ ಮಾತ್ರಕ್ಕೆ ಸುಳ್ಳು ಸಾಬೀತಾಗುವುದಿಲ್ಲ. ಉಳಿದ ಅಂಕಗಳನ್ನು ಎಷ್ಟು ನಂಬಬಹುದೆಂದಷ್ಟೇ ಅದು ಹೇಳುತ್ತದೆ. ಕಟ್ಟುನಿಟ್ಟಿನ ಧಾರ್ಮಿಕ ವಾತಾವರಣದಲ್ಲಿ ಬೆಳೆದವರಿಗೆ ಪ್ರಾಮಾಣಿಕ ಉತ್ತರದಿಂದಲೇ ಅಂಕ ತುಸು ಏರಬಹುದು. ಕೆಲಸಕ್ಕೆ ಅರ್ಜಿ ಹಾಕಿದವರದ್ದಂತೂ ಸಾಮಾನ್ಯವಾಗಿ ಏರಿರುತ್ತದೆ. ಹಾಗಾಗಿ ದಾವಣಗೆರೆಯ ಕಾಲೇಜೊಂದರಲ್ಲಿ ಕ್ಯಾಂಪಸ್ ಆಯ್ಕೆಗೆ ಕುಳಿತವನ ಅಂಕವನ್ನು ಜತೆಗೆ ಕುಳಿತ ಅಭ್ಯರ್ಥಿಗಳ ಅಂಕದೊಂದಿಗೆ ಹೋಲಿಸಬೇಕೇ ಹೊರತು ಸಾಮಾನ್ಯ ಜನರದ್ದರೊಂದಿಗಲ್ಲ. ಆಗಲೂ ಎದ್ದು ಕಂಡರೆ, ಸಂದರ್ಶನದಲ್ಲಿ ಅದೇ ಗುಣದ ಬಗ್ಗೆ ನಡೆದ ಘಟನೆಯೊಂದನ್ನು ಕೇಳಿ: ಯಾವಾಗ, ಯಾರ ಜತೆ, ಆಮೇಲೇನಾಯಿತು.