ಕೇಳುಗರು ಕೊಡುವ ಹಣದಲ್ಲೇ ಒಂದು ರೇಡಿಯೊ ನಡೆಸಬಹುದಾ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ 20 ಜನ ಸೇರಿ ಒಂದು ಎಫ್‌ಎಂ ರೇಡಿಯೊ ಶುರು ಮಾಡಬೇಕು ಅಂದುಕೊಂಡಿದ್ದೇವೆ. ನಿವೃತ್ತರಿದ್ದಾರೆ, ಗೃಹಿಣಿಯರಿದ್ದಾರೆ, ಕಾಲೇಜು ಮಕ್ಕಳಿದ್ದಾರೆ. ಜಾಹೀರಾತು ಬೇಡ, ಯಾರಿಗೂ ಸಂಬಳ ಬೇಡ, ಕೇಳುವವರು ಪ್ರೀತಿಯಿಂದ ಕೊಟ್ಟಷ್ಟರಲ್ಲೇ ನಡೆಸೋಣ ಅಂತ ಆಸೆ. ಇದು ನಿಜಕ್ಕೂ ಆಗುವ ಮಾತಾ?

ಉತ್ತರ: ಇಂಥ ಪತ್ರ ಬಂದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆಗುವ ಮಾತೇ. ಆದರೆ ‘ಯಾರಿಗೂ ಸಂಬಳ ಬೇಡ’ ಅನ್ನುವುದನ್ನು ಮಾತ್ರ ಈಗಲೇ ಕೈಬಿಡಿ. ಯಾಕೆ ಅಂತ ಹೇಳುತ್ತೇನೆ.

ಬೆಂಗಳೂರಿನ ಒಂದು ಸಮುದಾಯ ಬಾನುಲಿಯಲ್ಲಿ, ಅಂದರೆ ಸುತ್ತಲಿನ ಜನರಿಗಾಗಿ ಲಾಭವಿಲ್ಲದೆ ನಡೆಸುವ ಸಣ್ಣ ಎಫ್‌ಎಂ ರೇಡಿಯೊದಲ್ಲಿ, ನಾನು ಕೆಲವು ವರ್ಷ ಸ್ವಯಂಸೇವಕಿಯಾಗಿದ್ದೆ. ಮಂಗಳವಾರ ಬೆಳಿಗ್ಗೆ 7ಕ್ಕೆ 10 ನಿಮಿಷದ ನೀರಿನ ಕಾರ್ಯಕ್ರಮ ನನ್ನದು. ಈ ವಾರ ಯಾವ ಕ್ರಾಸ್‌ಗೆ ಯಾವ ದಿನ ಕಾವೇರಿ ನೀರು, ಎಲ್ಲಿ ಪೈಪ್ ಒಡೆದಿದೆ, ಸಂಪು ತೊಳೆಸುವುದು ಹೇಗೆ, ಇಷ್ಟೇ. ಹಿಂದಿನ ಸಂಜೆ ನಮ್ಮ ಕಡೆ ನೀರು ಬಿಡುವವರನ್ನು ಹುಡುಕಿಕೊಂಡು ಹೋಗಿ, ಕೇಳಿ ಬರೆದುಕೊಂಡು ಬರುತ್ತಿದ್ದೆ.

ಒಂದು ಮಂಗಳವಾರ ನನಗೆ ಜ್ವರ. ಬದಲಿಗೆ ಯಾರೂ ಸಿಗಲಿಲ್ಲ. ಆ 10 ನಿಮಿಷ ವೀಣೆ ಹಾಕಿದರು. ಒಂದು ದಿನ ತಾನೆ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಮುಂದಿನ ವಾರ ಬಟ್ಟೆ ತರಲು ಇಸ್ತ್ರಿ ಗಾಡಿಗೆ ಹೋದೆ. ಅಲ್ಲಿ ದಿನವಿಡೀ ಒಂದು ಸಣ್ಣ ರೇಡಿಯೊ ಹಾಡುತ್ತಿರುತ್ತದೆ, ಗಾಡಿಯ ಕಂಬಿಗೆ ದಾರದಲ್ಲಿ ಕಟ್ಟಿದ್ದು. ಇಸ್ತ್ರಿ ಮಾಡುವ ಅಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡಕ್ಕೆ ಗಾಳಿ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು: “ಹೋದ ಮಂಗಳವಾರ ನಿಮ್ಮ ನೀರಿನ ಮಾತು ಬರ್ಲೇ ಇಲ್ವಲ್ಲ ಮೇಡಂ. ನೀರು ಬುಧವಾರ ಅಂದ್ಕೊಂಡು ನಮ್ಮ ಮನೇವ್ರು ಕೆಲಸಕ್ಕೆ ಹೋಗ್ಬಿಟ್ರು. ಅವತ್ತೇ ಬಂದು ಹೋಗ್ಬಿಡ್ತು. ಸಂಜೆ ಪಕ್ಕದ ಮನೆಯಿಂದ ನಾಲ್ಕು ಬಿಂದಿಗೆ ತಂದ್ವಿ.”

ಅವರ ದನಿಯಲ್ಲಿ ಕೋಪ ಇರಲಿಲ್ಲ. ಆದರೂ ನನಗೆ ತುಂಬಾ ಬೇಜಾರಾಯಿತು. ಕೇಳುಗರ ಹಣ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಅವತ್ತು. ಹೇಳಿದ ದಿನ, ಹೇಳಿದ ಹೊತ್ತಿಗೆ ಬರುವ ದನಿಯನ್ನು ನಂಬಿ ಜನ ತಮ್ಮ ಬೆಳಗನ್ನು ಹೊಂದಿಸಿಕೊಳ್ಳುತ್ತಾರೆ. ಅಷ್ಟು ನಂಬಿದವರ ಹತ್ತಿರ ತಿಂಗಳಿಗೆ 100 ರೂಪಾಯಿ ಕೇಳಲು ಬಾಯಿ ಬರುತ್ತದೆ. ನಾಲ್ಕು ವಾರ ಬಂದು ಐದನೇ ವಾರ ನಾಪತ್ತೆಯಾದರೆ ಕೇಳುವುದು ಹೇಗೆ, ಅಲ್ವಾ?

ಈ ವಿಷಯ ಹೊಸದೇನಲ್ಲ. ಅಮೆರಿಕದ ಬರ್ಕ್ಲಿಯಲ್ಲಿ 1949ರ ಏಪ್ರಿಲ್‌ನಲ್ಲಿ ಕೆಪಿಎಫ್‌ಎ ಅನ್ನುವ ಸ್ಟೇಷನ್ ಶುರುವಾಯಿತು. ಕೇಳುಗರ ದೇಣಿಗೆಯ ಮೇಲೆಯೇ ನಡೆಯಬೇಕು ಅಂತ ಹಟ ತೊಟ್ಟು ಹೊರಟವರಲ್ಲಿ ಅವರೇ ಮೊದಲಿಗರು. ಮುಂದಿನ ವರ್ಷವೇ ಹಣ ಮುಗಿದು ಬಾಗಿಲು ಹಾಕಬೇಕಾಯಿತು. ಆಗ ಕೇಳುಗರೇ ಸೇರಿ ಹಣ ಎತ್ತಿದರು. 1951ರಲ್ಲಿ ಮತ್ತೆ ಗಾಳಿಗೆ ಬಂತು, ಇವತ್ತಿಗೂ ಇದೆ. ನಮ್ಮ ಕಡೆಯದೂ ಒಂದಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದರು. ಆಮೇಲೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. ‘ಆಕಾಶವಾಣಿ’ ಅನ್ನುವ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ನಿಮ್ಮ ಬಡಾವಣೆಯ ಆಸೆಗೆ ಇದಕ್ಕಿಂತ ಹತ್ತಿರದ ನೆಂಟಸ್ತಿಕೆ ಬೇಕಾ?

ಈಗ ಅನುಮತಿಯ ಮಾತು. ನಿಮಗೆ ಬೇಕಾದದ್ದು ಸಮುದಾಯ ಬಾನುಲಿಯ ಅನುಮತಿ. 20 ಜನ ಗೆಳೆಯರು ಸೇರಿ ಸೀದಾ ಅರ್ಜಿ ಹಾಕಲು ಆಗುವುದಿಲ್ಲ. ಲಾಭಕ್ಕಲ್ಲದೆ ನಡೆಯುವ, ನೋಂದಾಯಿಸಿದ ಸಂಸ್ಥೆ ಬೇಕು. ಅದು ಕನಿಷ್ಠ 3 ವರ್ಷ ಊರಿನ ಕೆಲಸ ಮಾಡಿರಬೇಕು. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭದ ಕಂಪನಿಗಳಿಗೆ ಕೊಡುವುದಿಲ್ಲ. ಮೊದಲು, 2002ರ ಕೊನೆಯಲ್ಲಿ, ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶ ಇತ್ತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಅದರ ಹಿಂದೆ ಬೆಂಗಳೂರಿನವರ ದುಡಿಮೆಯೂ ಇದೆ. ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತ್ತು. ಹಾಗಾದರೆ ಜನರಿಗೂ ಅದರಲ್ಲಿ ಪಾಲು ಕೊಡಿ ಅಂತ ಮರುವರ್ಷ ಇಲ್ಲೇ ಸೇರಿದ ಸಭೆಯೊಂದು ಒತ್ತಾಯಿಸಿತು. ಅದನ್ನು ಇವತ್ತಿಗೂ ಬೆಂಗಳೂರು ಘೋಷಣೆ ಅಂತಲೇ ಕರೆಯುತ್ತಾರೆ. ಅನುಮತಿ ಸಿಗುವ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಸುಮ್ಮನೆ ಕೂರಲಿಲ್ಲ. ‘ನಮ್ಮ ಧ್ವನಿ’ ಅಂತ ಹೆಸರಿಟ್ಟು ಕೇಬಲ್ ತಂತಿಯಲ್ಲೇ ಮನೆಮನೆಗೆ ರೇಡಿಯೊ ತಲುಪಿಸಿದರು. ಗಾಳಿ ಬೇಡ ಅಂದರೆ ತಂತಿ! ಈ ಕಥೆ ಹೇಳುವಾಗಲೆಲ್ಲ ನನಗೆ ಉತ್ಸಾಹ ಉಕ್ಕುತ್ತದೆ.

ನಿಮ್ಮ ಬಡಾವಣೆಯಲ್ಲಿ ಆಗಲೇ ಶಾಲೆಯನ್ನೋ ಗ್ರಂಥಾಲಯವನ್ನೋ ನಡೆಸುತ್ತಿರುವ ಟ್ರಸ್ಟ್ ಇದ್ದರೆ ಅವರ ಜೊತೆ ಕೂತು ಮಾತಾಡಿ. ಹೊಸ ಸಂಸ್ಥೆ ಕಟ್ಟಿ ಮೂರು ವರ್ಷ ಕಾಯುವುದಕ್ಕಿಂತ ಅದು ಸಲೀಸು. ಅಥವಾ ಈಗಿರುವ ಸ್ಟೇಷನ್ನಿಗೇ ಹೋಗಿ ಸೇರಿಕೊಳ್ಳಿ. ಜೈನ್ ವಿದ್ಯಾಸಂಸ್ಥೆಯ ರೇಡಿಯೊ ಆಕ್ಟಿವ್ 90.4 ಬೆಂಗಳೂರಿನಲ್ಲಿ 2007ರಿಂದ ಇದೆ. ಕಸ ಆಯುವವರು, ಲಿಂಗತ್ವ ಅಲ್ಪಸಂಖ್ಯಾತರು ಅಲ್ಲಿ ಮೈಕ್ ಮುಂದೆ ಕೂತು ತಮ್ಮ ಮಾತು ತಾವೇ ಆಡಿದ್ದಾರೆ.

ದನಿ ಎಷ್ಟು ದೂರ ಹೋಗುತ್ತದೆ? 100 ವ್ಯಾಟ್ ಶಕ್ತಿ, 30 ಮೀಟರ್ ಎತ್ತರದ ಆಂಟೆನಾ. ಎಲ್ಲ ಕಡೆಗೂ 5ರಿಂದ 10 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಜಯನಗರದಲ್ಲಿ ಆಂಟೆನಾ ನಿಲ್ಲಿಸಿದರೆ ಬಸವನಗುಡಿ, ಬನಶಂಕರಿಯಲ್ಲಿ ಕೇಳುತ್ತದೆ, ಯಲಹಂಕದಲ್ಲಿ ಕೇಳುವುದಿಲ್ಲ. ಎಫ್‌ಎಂ ಅಲೆ ಹೆಚ್ಚು ಕಡಿಮೆ ನೇರವಾಗಿ ಹೋಗುತ್ತದೆ. ನಡುವೆ ಎತ್ತರದ ಅಪಾರ್ಟ್‌ಮೆಂಟ್ ಎದ್ದರೆ ಅದರ ಹಿಂದಿನ ಬೀದಿಯಲ್ಲಿ ಬರೀ ಸುಂಯ್ ಅನ್ನುತ್ತದೆ. ಹತ್ತೇ ಕಿಲೋಮೀಟರಾ ಅಂತ ಬೇಸರ ಬೇಡ. ಹತ್ತು ಕಿಲೋಮೀಟರ್ ಆಚೆಯವರಿಗೆ ನಿಮ್ಮ ಏಳನೇ ಕ್ರಾಸ್‌ನ ನೀರು ಕಟ್ಟಿಕೊಂಡು ಏನಾಗಬೇಕು? ಕೊಡುವವರು ಸಿಗುವುದೂ ಈ ಹತ್ತಿರದ ನಂಟಿನಿಂದಲೇ.

ಏನು ಹೇಳಬಹುದು ಅನ್ನುವುದಕ್ಕೂ ಗೆರೆ ಇದೆ. ಸ್ವಂತ ಸುದ್ದಿ, ರಾಜಕೀಯ ವಿಶ್ಲೇಷಣೆ ಇಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು. ನೀರು, ಕರೆಂಟು, ಟ್ರಾಫಿಕ್, ಹವಾಮಾನ, ಪರೀಕ್ಷೆ, ಊರ ಜಾತ್ರೆ, ಇವನ್ನು ಹೇಳಬಹುದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಜನ ಸೇರಿ ಮಾಡಿದ್ದಾಗಿರಬೇಕು. ಬೇರೆಯವರಿಗೆ ಇದೊಂದು ನಿಯಮ. ನಿಮ್ಮ ಮಟ್ಟಿಗೆ ಇದೇ ಇಡೀ ಆಸೆ, ಹಾಗಾಗಿ ಭಯ ಬೇಡ. ಪ್ರಸಾರವಾದದ್ದರ ಧ್ವನಿಮುದ್ರಣವನ್ನು 3 ತಿಂಗಳು ಜೋಪಾನವಾಗಿ ಇಟ್ಟಿರಬೇಕು. ಈ ಕೆಲಸವನ್ನು ಮರೆಯುವವರೇ ಜಾಸ್ತಿ.

ಈಗ ಹಣ. ಒಂದು ಲೆಕ್ಕ ಹಾಕೋಣ. 300 ಮನೆಯವರು ತಿಂಗಳಿಗೆ 100 ರೂಪಾಯಿ ಕೊಟ್ಟರು ಅನ್ನಿ. 30,000 ಆಯಿತು. ಈ ಊರಿನಲ್ಲಿ ಒಬ್ಬರ ಸಂಬಳ, ಕರೆಂಟು ಬಿಲ್ಲು ಹೊಂದಿಸಲು ಇದೇ ಕಷ್ಟ. ಬಾಡಿಗೆ, ಯುಪಿಎಸ್ ಬ್ಯಾಟರಿ, ಸಿಡಿಲಿಗೆ ಸುಟ್ಟ ಉಪಕರಣದ ರಿಪೇರಿ, ತರಂಗಾಂತರದ ವಾರ್ಷಿಕ ಶುಲ್ಕ, ಇವೆಲ್ಲ ಹೊರಗೇ ಉಳಿದವು. ಸಿನಿಮಾ ಹಾಡು ಹಾಕಿದರೆ ರಾಯಲ್ಟಿ ಬೇರೆ. ಅದಕ್ಕೇ ನಾನು ಹೇಳುವುದು, ಹಾಡಿಗೆ ನಿಮ್ಮ ಬೀದಿಯಲ್ಲೇ ಹುಡುಕಿ. ಸೋಬಾನೆ ಹೇಳುವ ಅಜ್ಜಿ, ದೇವಸ್ಥಾನದ ಭಜನೆ ಮಂಡಳಿ, ಹಾರ್ಮೋನಿಯಂ ನುಡಿಸುವ ನಿವೃತ್ತ ಮೇಷ್ಟ್ರು. ತಮ್ಮ ಅಜ್ಜಿ ರೇಡಿಯೊದಲ್ಲಿ ಹಾಡುತ್ತಾರೆ ಅಂದರೆ ಇಡೀ ಮನೆ ಕೇಳುತ್ತದೆ. ಆ ಮನೆಯವರು ಮುಂದೆ ಕೊಡುತ್ತಾರೆ ಕೂಡ.

ಜಾಹೀರಾತು ಬೇಡ ಅನ್ನುವ ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಬಾಗಿಲು ಪೂರ್ತಿ ಮುಚ್ಚಬೇಡಿ. 2024ರಿಂದ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು, ಮೊದಲು 7 ನಿಮಿಷ ಇತ್ತು. ಸರ್ಕಾರದ ಜಾಹೀರಾತಿಗೆ ಆಗ ನಿಗದಿಯಾದ ಮೂಲ ದರ 10 ಸೆಕೆಂಡಿಗೆ 74 ರೂಪಾಯಿ, ಅಂದರೆ ನಿಮಿಷಕ್ಕೆ 444. ಹನ್ನೆರಡೂ ನಿಮಿಷ ತುಂಬಿಸಲು ಹೋಗಬೇಡಿ, ಕೇಳುವವರು ಓಡಿಹೋಗುತ್ತಾರೆ. ಗಂಟೆಗೆ ಎರಡು ನಿಮಿಷ ಸಾಕು. ಹಿಟ್ಟಿನ ಗಿರಣಿ, ಟ್ಯೂಷನ್ ಮನೆ, ಸೈಕಲ್ ಅಂಗಡಿ, ಇಂಥವರದ್ದು. ಅವರೂ ಕೇಳುಗರೇ ತಾನೆ? ಉಪಕರಣ ಕೊಳ್ಳಲು ಕೇಂದ್ರ ಸರ್ಕಾರದ ಸಹಾಯಧನದ ಯೋಜನೆಯೂ ಇದೆ, ಅರ್ಜಿ ಹಾಕುವಾಗಲೇ ವಿಚಾರಿಸಿ.

ಕೇಳುಗರ ಹತ್ತಿರ ಹಣ ಕೇಳಲು ವರ್ಷಕ್ಕೆ ಒಂದೇ ವಾರ ಇಟ್ಟುಕೊಳ್ಳಿ. ದಿನಾ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಾವು ಕಡಲೆಕಾಯಿ ಪರಿಷೆಯ ಹಿಂದಿನ ವಾರ ಇಟ್ಟಿದ್ದೆವು. ಏನು ಖರ್ಚಾಯಿತು ಅನ್ನುವುದನ್ನು ರೂಪಾಯಿ ಲೆಕ್ಕದಲ್ಲಿ ಗಾಳಿಯಲ್ಲೇ ಓದುತ್ತಿದ್ದೆವು: ಬ್ಯಾಟರಿಗೆ ಇಷ್ಟು, ಕರೆಂಟಿಗೆ ಇಷ್ಟು, ಕೈಯಲ್ಲಿ ಉಳಿದದ್ದು ಇಷ್ಟು. ಕೊಟ್ಟವರ ಹೆಸರು ಓದುತ್ತಿದ್ದೆವು, ಮೊತ್ತ ಓದುತ್ತಿರಲಿಲ್ಲ. 50 ಕೊಟ್ಟವರೂ 5,000 ಕೊಟ್ಟವರೂ ಒಂದೇ ಸಾಲಿನಲ್ಲಿ ಬರಬೇಕು. ಇದರಲ್ಲಿ ರಾಜಿ ಬೇಡ.

ಯುಪಿಐ ಕೋಡ್ ಅಂಟಿಸಿ ಕೂತರೆ ಸಾಲದು. ಆ ಇಸ್ತ್ರಿ ಗಾಡಿಯ ಅಣ್ಣನ ಹತ್ತಿರ ಒಂದು ರಸೀದಿ ಪುಸ್ತಕ ಕೊಟ್ಟಿದ್ದೆವು, ನಡುವೆ ಕಾರ್ಬನ್ ಹಾಳೆ ಇಟ್ಟು. ಅವರಾಗಿಯೇ ಕೇಳಿದ್ದು. ಬಟ್ಟೆ ಕೊಡಲು ಬಂದವರಿಗೆಲ್ಲ ರೇಡಿಯೊ ತೋರಿಸಿ, “ಇದು ನಮ್ಮದೇ ಸ್ಟೇಷನ್ನು” ಅನ್ನುತ್ತಿದ್ದರು. ಒಂದು ವಾರದಲ್ಲಿ ಆ ಪುಸ್ತಕ ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು. ಕೆಲವು ಹಾಳೆಯ ಅಂಚು ಇಸ್ತ್ರಿಯ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿತ್ತು.

ಇನ್ನು ಸಂಬಳದ ಮಾತಿಗೆ ಬರುತ್ತೇನೆ. ನಿಮ್ಮ 20 ಜನರ ಪ್ರೀತಿ ನಿಜ. ಆದರೆ ಮಾರ್ಚ್ ಬಂದರೆ ಕಾಲೇಜು ಮಕ್ಕಳಿಗೆ ಪರೀಕ್ಷೆ. ಮೇ ತಿಂಗಳಲ್ಲಿ ಮದುವೆಗಳು, ಊರು. ಗೃಹಿಣಿಯರಿಗೆ ಅಡುಗೆ ಮುಗಿದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮುಂಚೆ, 11ರಿಂದ 2ರವರೆಗೆ ಬಿಡುವು. ಆಫೀಸಿಗೆ ಹೋಗುವವರಿಗೆ ಶನಿವಾರ ಮಾತ್ರ. ನಿವೃತ್ತರು ಗಡಿಯಾರದ ಹಾಗೆ ಬರುತ್ತಾರೆ, ಆದರೆ ಮಂಡಿ ನೋವಿಗೆ ಮೆಟ್ಟಿಲು ಆಗುವುದಿಲ್ಲ. (ಸ್ಟುಡಿಯೊ ನೆಲ ಅಂತಸ್ತಿನಲ್ಲೇ ಇರಲಿ.) ಇಷ್ಟು ಜನರ ಬಿಡುವನ್ನು ಹೊಲಿದು ಒಂದು ವಾರ ಮಾಡುವುದು ಪೂರ್ತಿ ಹೊತ್ತಿನ ಕೆಲಸ. ಯಾರು ಬರುವುದಿಲ್ಲ ಅಂತ ಹಿಂದಿನ ರಾತ್ರಿಯೇ ತಿಳಿದುಕೊಳ್ಳುವುದು, ಬದಲಿ ಹುಡುಕುವುದು, ಕರೆಂಟು ಹೋದಾಗ ಓಡುವುದು, ಹೊಸಬರಿಗೆ ಮೈಕ್‌ನಿಂದ ಒಂದು ಗೇಣು ದೂರ ಕೂರಿ ಅಂತ ಹೇಳಿಕೊಡುವುದು. ಇದನ್ನು ಬಿಡುವಿದ್ದಾಗ ಮಾಡುತ್ತೇನೆ ಅಂದವರು ಆರು ತಿಂಗಳಲ್ಲಿ ಸುಸ್ತಾಗಿ ಬಿಟ್ಟುಹೋಗುತ್ತಾರೆ. ಅವರ ಹಿಂದೆಯೇ ಉಳಿದವರೂ ಹೋಗುತ್ತಾರೆ. ಅದಕ್ಕೇ ಕೇಳುಗರ ಮೊದಲ ಹಣ ಟ್ರಾನ್ಸ್‌ಮಿಟರ್‌ಗಲ್ಲ, ಈ ಒಬ್ಬರ ಸಂಬಳಕ್ಕೆ ಹೋಗಬೇಕು. ಆ ಒಬ್ಬರು ಇದ್ದಿದ್ದರೆ ನನಗೆ ಜ್ವರ ಬಂದ ದಿನ ನೀರಿನ ಮಾತು ತಪ್ಪುತ್ತಿರಲಿಲ್ಲ.

ಆ ಘಟನೆ ಆದ ಮೇಲೆ ನಾವು ಎರಡು ಅಭ್ಯಾಸ ಮಾಡಿಕೊಂಡೆವು. ಸ್ಟುಡಿಯೊದ ಬೀರುವಿನ ಬಾಗಿಲಿಗೆ ವಾರದ ಪಟ್ಟಿ ಅಂಟಿಸಿದೆವು. ಪ್ರತಿ ಹೊತ್ತಿಗೂ ಎರಡು ಹೆಸರು, ಎರಡನೆಯದು ಬದಲಿಯವರದ್ದು. ಇನ್ನೊಂದು, ಯಾವಾಗ ಹಾಕಿದರೂ ಹಳಸದ ಕಾರ್ಯಕ್ರಮಗಳನ್ನು ಮೊದಲೇ ರೆಕಾರ್ಡ್ ಮಾಡಿ ಇಟ್ಟುಕೊಂಡೆವು. ಅದಕ್ಕೆ ನಮ್ಮಲ್ಲಿ ‘ಉಪ್ಪಿನಕಾಯಿ’ ಅಂತ ಹೆಸರು. ಅಜ್ಜಿಯರ ಕಥೆ, ಮನೆಮದ್ದು, ಬಡಾವಣೆಯ ಹಳೆ ಕೆರೆಯ ನೆನಪು. ಜಾಡಿಯಲ್ಲಿ ಯಾವಾಗಲೂ ಹತ್ತು ಇರಬೇಕು ಅಂತ ನಿಯಮ.

ಇಂಟರ್‌ನೆಟ್ ರೇಡಿಯೊ ಮಾಡಿದರೆ ಸಾಲದೆ ಅಂತ ನಿಮ್ಮ ಕಾಲೇಜು ಮಕ್ಕಳು ಕೇಳಬಹುದು. ಅದಕ್ಕೆ ತರಂಗಾಂತರ ಬೇಡ, ಆಂಟೆನಾ ಬೇಡ, ಅಗ್ಗ. ಅಭ್ಯಾಸಕ್ಕೆ ಬಹಳ ಒಳ್ಳೆಯದು. ಆದರೆ ಇಸ್ತ್ರಿ ಗಾಡಿಯಲ್ಲಿ, ಆಟೊದಲ್ಲಿ, ಮನೆಗೆಲಸದವರ ಕೀಪ್ಯಾಡ್ ಫೋನಿನಲ್ಲಿ ಬರುವುದು ಎಫ್‌ಎಂ. ಅದಕ್ಕೆ ಡೇಟಾ ಖರ್ಚಾಗುವುದಿಲ್ಲ. ನನಗೆ ಬೇಕಾದ ಕೇಳುಗರು ಅವರು.

ಆದ್ದರಿಂದ ಅರ್ಜಿಗೆ ಕೈ ಹಾಕುವ ಮೊದಲು ಹೀಗೆ ಮಾಡಿ. 10 ನಿಮಿಷದ ಒಂದೇ ಕಾರ್ಯಕ್ರಮ ಆರಿಸಿಕೊಳ್ಳಿ. ಫೋನಿನಲ್ಲೇ ರೆಕಾರ್ಡ್ ಮಾಡಿ. ಫ್ಯಾನ್ ಆಫ್ ಮಾಡಿ, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಕುಕ್ಕರ್ ಕೂಗುವ ಹೊತ್ತು ಬಿಟ್ಟು ಕೂರಿ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಪ್ರತಿ ವಾರ ಅದೇ ದಿನ, ಅದೇ ಗಂಟೆಗೆ ಕಳಿಸಿ. 13 ವಾರ, ಒಂದೂ ತಪ್ಪದ ಹಾಗೆ. ಹದಿನಾಲ್ಕನೇ ವಾರ ಏನೂ ಕಳಿಸಬೇಡಿ. ‘ಇವತ್ತು ಯಾಕೆ ಬರಲಿಲ್ಲ’ ಅಂತ ಎಷ್ಟು ಜನ ಕೇಳುತ್ತಾರೆ ಎಣಿಸಿ, ಅವರ ಹೆಸರು ಬರೆದಿಟ್ಟುಕೊಳ್ಳಿ. ರಸೀದಿ ಪುಸ್ತಕ ಮೊದಲು ಹೋಗಬೇಕಾದದ್ದು ಅವರ ಮನೆಗೆ. ಮೊದಲ ಕಂತು ಆದಾಗ ನನಗೂ ಕಳಿಸಿ, ಪೂರ್ತಿ ಕೇಳುತ್ತೇನೆ.